ಶೇಂಗಾ, ಮೊಟ್ಟೆ, ಎಳ್ಳು ಮಗುವಿಗೆ ಯಾವಾಗ? ಆಹಾರದ ಅಲರ್ಜಿ ತಡೆಯುವ ಬಗ್ಗೆ ತಿಳಿಯಬೇಕಾದದ್ದು

ನಿಮ್ಮ ಮಗುವಿಗೆ ಆರು ತಿಂಗಳು ತುಂಬುತ್ತಿದೆ. ಅನ್ನಪ್ರಾಶನಕ್ಕೆ ದಿನ ಗೊತ್ತಾಗಿದೆ. ಊರಿಂದ ಕಳಿಸಿದ ರಾಗಿ ಸರಿ ಹಿಟ್ಟು ಪುಣೆಗೋ ಚೆನ್ನೈಗೋ ಬಂದು ತಲುಪಿದೆ. ಅದರ ನಂತರ ಏನು ಕೊಡಬೇಕು ಎನ್ನುವಲ್ಲಿ ಗೊಂದಲ ಶುರುವಾಗುತ್ತದೆ. "ಶೇಂಗಾ ಪಿತ್ತ, ವರ್ಷ ತುಂಬೋವರೆಗೂ ಬೇಡಮ್ಮ" ಎಂದು ಅತ್ತೆ ಫೋನಿನಲ್ಲಿ ಹೇಳುತ್ತಾರೆ. ಮೊಟ್ಟೆ ಉಷ್ಣ, ಮೀನು ನಂಜು ಎನ್ನುವವರೂ ಇದ್ದಾರೆ. ಮಕ್ಕಳ ಡಾಕ್ಟರು ಮಾತ್ರ "ಎಲ್ಲವನ್ನೂ ಈಗಲೇ ಸ್ವಲ್ಪ ಸ್ವಲ್ಪ ಕೊಡೋಕೆ ಶುರು ಮಾಡಿ" ಎನ್ನುತ್ತಾರೆ. ಯಾರ ಮಾತು ಕೇಳಬೇಕು?

ತಡಮಾಡಿ ಕೊಟ್ಟರೆ ಸುರಕ್ಷಿತ ಎಂಬ ನಂಬಿಕೆ ಮನೆಯ ಹಿರಿಯರದು ಮಾತ್ರವಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ಜಗತ್ತಿನ ದೊಡ್ಡ ದೊಡ್ಡ ವೈದ್ಯ ಸಂಘಗಳೂ ಇದನ್ನೇ ಹೇಳುತ್ತಿದ್ದವು. ಆಮೇಲೆ ನಡೆದ ಅಧ್ಯಯನಗಳು ಆ ಸಲಹೆಯನ್ನು ತಲೆಕೆಳಗು ಮಾಡಿದವು. ಅದು ಹೇಗಾಯಿತು, ನಿಮ್ಮ ಮಗುವಿಗೆ ಇದರಿಂದ ಏನು ಉಪಯೋಗ, ಮನೆಯಲ್ಲಿ ಇದನ್ನು ಹೇಗೆ ಪಾಲಿಸಬೇಕು ಎಂಬುದನ್ನು ಇಲ್ಲಿ ನೋಡೋಣ.

ಆಹಾರದ ಅಲರ್ಜಿ ಎಂದರೇನು?

ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆ ರೋಗಾಣುಗಳ ವಿರುದ್ಧ ಹೋರಾಡುತ್ತದೆ. ಕೆಲವರಲ್ಲಿ ಅದು ಆಹಾರದಲ್ಲಿರುವ ಪ್ರೋಟೀನನ್ನೇ ಶತ್ರು ಎಂದು ತಪ್ಪಾಗಿ ತಿಳಿದು, ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿ ಇಟ್ಟುಕೊಳ್ಳುತ್ತದೆ. ಮುಂದೆ ಅದೇ ಆಹಾರ ಹೊಟ್ಟೆಗೆ ಬಿದ್ದಾಗ ಹಿಸ್ಟಮಿನ್ ಮುಂತಾದ ರಾಸಾಯನಿಕಗಳು ಒಮ್ಮೆಲೇ ಬಿಡುಗಡೆಯಾಗುತ್ತವೆ. ಮೈಮೇಲೆ ದದ್ದು ಏಳುತ್ತದೆ, ತುಟಿ ಊದುತ್ತದೆ, ವಾಂತಿಯಾಗುತ್ತದೆ. ತೀವ್ರವಾದರೆ ಉಸಿರಾಟಕ್ಕೆ ತೊಂದರೆಯಾಗಿ ರಕ್ತದೊತ್ತಡ ಕುಸಿಯಬಹುದು. ಈ ತೀವ್ರ ಸ್ಥಿತಿಗೆ ಅನಾಫಿಲಾಕ್ಸಿಸ್ ಎನ್ನುತ್ತಾರೆ. ಇದು ಪ್ರಾಣಕ್ಕೇ ಅಪಾಯ ತರಬಲ್ಲದು.

ಇಂಥ ಲಕ್ಷಣಗಳು ಸಾಮಾನ್ಯವಾಗಿ ತಿಂದ ಕೆಲವೇ ನಿಮಿಷಗಳಿಂದ ಎರಡು ಗಂಟೆಯೊಳಗೆ ಕಾಣಿಸಿಕೊಳ್ಳುತ್ತವೆ. ಹಾಲು, ಮೊಟ್ಟೆ, ಶೇಂಗಾ, ಗೋಡಂಬಿ-ಬಾದಾಮಿಯಂಥ ಬೀಜಗಳು, ಎಳ್ಳು, ಗೋಧಿ, ಸೋಯಾ, ಮೀನು, ಸಿಗಡಿ ಮತ್ತು ಏಡಿ ಹೆಚ್ಚಾಗಿ ಅಲರ್ಜಿ ಉಂಟುಮಾಡುವ ಆಹಾರಗಳು.

ನಾವು ಮನೆಯಲ್ಲಿ ಹೇಳುವ ಪಿತ್ತ, ಉಷ್ಣ, ನಂಜು ಇವೆಲ್ಲ ಅಲರ್ಜಿಯಲ್ಲ. ಹಾಲು ಜೀರ್ಣವಾಗದೆ ಹೊಟ್ಟೆ ಉಬ್ಬರಿಸುವುದು ಕೂಡ ಅಲರ್ಜಿಯಲ್ಲ. ಟೊಮೆಟೊ ಅಥವಾ ಕಿತ್ತಳೆ ತಾಗಿ ಬಾಯಿಯ ಸುತ್ತ ಸ್ವಲ್ಪ ಕೆಂಪಾಗಿ, ಸ್ವಲ್ಪ ಹೊತ್ತಿನಲ್ಲಿ ಹೋಗುವುದು ಹೆಚ್ಚಾಗಿ ಹುಳಿಯಿಂದಾದ ಉರಿ ಅಷ್ಟೇ.

ವೈದ್ಯರು ಸಲಹೆ ಬದಲಿಸಿದ್ದು ಏಕೆ?

2000ನೇ ಇಸವಿಯಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಒಂದು ಸಲಹೆ ನೀಡಿತು. ಅಲರ್ಜಿಯ ಅಪಾಯ ಹೆಚ್ಚಿರುವ ಮಕ್ಕಳಿಗೆ ಒಂದು ವರ್ಷದವರೆಗೆ ಹಾಲಿನ ಪದಾರ್ಥ, ಎರಡು ವರ್ಷದವರೆಗೆ ಮೊಟ್ಟೆ, ಮೂರು ವರ್ಷದವರೆಗೆ ಶೇಂಗಾ, ಬೀಜಗಳು ಮತ್ತು ಮೀನು ಬೇಡ ಎಂದಿತು. ಬ್ರಿಟನ್ನಿನಲ್ಲೂ ಇದೇ ಬಗೆಯ ಸಲಹೆ ಇತ್ತು. ಆದರೆ ಅಲರ್ಜಿ ಕಡಿಮೆಯಾಗಲಿಲ್ಲ. ತಡಮಾಡುವುದರಿಂದ ಪ್ರಯೋಜನವಿದೆ ಎಂಬುದಕ್ಕೆ ಆಧಾರ ಸಾಲದು ಎಂದು ಅಕಾಡೆಮಿಯೇ 2008ರಲ್ಲಿ ಹೇಳಿತು.

ಅದೇ 2008ರಲ್ಲಿ ಒಂದು ಕುತೂಹಲದ ಸಂಗತಿ ಹೊರಬಂತು. ಲಂಡನ್ನಿನ ಪ್ರೊಫೆಸರ್ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು ಬ್ರಿಟನ್ನಿನ ಯಹೂದಿ ಮಕ್ಕಳನ್ನೂ ಇಸ್ರೇಲಿನ ಯಹೂದಿ ಮಕ್ಕಳನ್ನೂ ಹೋಲಿಸಿ ನೋಡಿದರು. ಎರಡೂ ಕಡೆಯವರ ವಂಶಮೂಲ ಹೆಚ್ಚು ಕಡಿಮೆ ಒಂದೇ. ಆದರೂ ಶೇಂಗಾ ಅಲರ್ಜಿ ಬ್ರಿಟನ್ನಿನಲ್ಲಿ ಶೇ. 1.85, ಇಸ್ರೇಲಿನಲ್ಲಿ ಶೇ. 0.17 ಇತ್ತು. ಅಂದರೆ ಹತ್ತು ಪಟ್ಟು ವ್ಯತ್ಯಾಸ. ಇಸ್ರೇಲಿನ ಮಕ್ಕಳು ವರ್ಷ ತುಂಬುವ ಮೊದಲೇ ಬಾಂಬಾ ಎಂಬ, ಬಾಯಲ್ಲಿ ಕರಗುವ ಶೇಂಗಾ ಕುರುಕಲು ತಿನ್ನುತ್ತಿದ್ದರು. ಬ್ರಿಟನ್ನಿನ ಮಕ್ಕಳಿಗೆ ಆ ವಯಸ್ಸಿನಲ್ಲಿ ಶೇಂಗಾ ಕೊಡುತ್ತಲೇ ಇರಲಿಲ್ಲ.

ಇದು ಕಾಕತಾಳೀಯವೋ ನಿಜವಾದ ಕಾರಣವೋ ಎಂದು ತಿಳಿಯಲು ಲ್ಯಾಕ್ ಅವರ ತಂಡ ಲೀಪ್ ಎಂಬ ಅಧ್ಯಯನ ನಡೆಸಿತು. 4ರಿಂದ 11 ತಿಂಗಳ ವಯಸ್ಸಿನ, ತೀವ್ರ ಎಕ್ಸಿಮಾ ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಮಕ್ಕಳನ್ನು ಎರಡು ಗುಂಪು ಮಾಡಿದರು. ಪರೀಕ್ಷೆಯಲ್ಲಿ ಶೇಂಗಾಕ್ಕೆ ಆಗಲೇ ಬಲವಾದ ಪ್ರತಿಕ್ರಿಯೆ ತೋರಿದ ಮಕ್ಕಳನ್ನು ಸೇರಿಸಿಕೊಳ್ಳಲಿಲ್ಲ. ಒಂದು ಗುಂಪಿಗೆ ಐದು ವರ್ಷದವರೆಗೆ ನಿಯಮಿತವಾಗಿ ಶೇಂಗಾ ಕೊಟ್ಟರು. ಇನ್ನೊಂದು ಗುಂಪಿಗೆ ಕೊಡಲೇ ಇಲ್ಲ. 2015ರಲ್ಲಿ ಫಲಿತಾಂಶ ಬಂತು. ಐದು ವರ್ಷ ತುಂಬಿದಾಗ ಶೇಂಗಾ ತಿನ್ನದ ಗುಂಪಿನಲ್ಲಿ ಶೇ. 17.2 ಮಕ್ಕಳಿಗೆ ಅಲರ್ಜಿ ಇತ್ತು. ತಿಂದ ಗುಂಪಿನಲ್ಲಿ ಶೇ. 3.2 ಮಾತ್ರ.

ಆಮೇಲೆ ಈ ಮಕ್ಕಳು ತಮಗೆ ಇಷ್ಟ ಬಂದಷ್ಟು ಶೇಂಗಾ ತಿಂದರು, ಕೆಲವರು ಬಿಟ್ಟರು. ಸುಮಾರು 13ನೇ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಿದಾಗ, ಬಾಲ್ಯದಲ್ಲಿ ತಿಂದವರಲ್ಲಿ ಶೇ. 4.4, ತಿನ್ನದವರಲ್ಲಿ ಶೇ. 15.4 ಮಂದಿಗೆ ಅಲರ್ಜಿ ಇತ್ತು. ಮೊದಲ ವರ್ಷಗಳಲ್ಲಿ ಸಿಕ್ಕ ರಕ್ಷಣೆ ಹದಿಹರೆಯದವರೆಗೂ ಉಳಿಯಿತು ಎಂದಾಯಿತು.

ಮೊಟ್ಟೆಯ ವಿಷಯದಲ್ಲೂ ಇಂಥ ಆಧಾರವಿದೆ. ಜಪಾನಿನಲ್ಲಿ ಎಕ್ಸಿಮಾ ಇದ್ದ ಮಕ್ಕಳ ಚರ್ಮಕ್ಕೆ ಸರಿಯಾದ ಚಿಕಿತ್ಸೆ ಕೊಡುತ್ತಲೇ, ಆರನೇ ತಿಂಗಳಿಂದ ಬೇಯಿಸಿದ ಮೊಟ್ಟೆಯ ಪುಡಿಯನ್ನು ಅತಿ ಕಡಿಮೆ ಪ್ರಮಾಣದಲ್ಲಿ ತಿನ್ನಿಸಿದರು. ವರ್ಷ ತುಂಬಿದಾಗ ಅವರಲ್ಲಿ ಶೇ. 8 ಮಕ್ಕಳಿಗೆ ಮೊಟ್ಟೆಯ ಅಲರ್ಜಿ ಇತ್ತು. ಕೊಡದಿದ್ದ ಗುಂಪಿನಲ್ಲಿ ಅದು ಶೇ. 38. ಈ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅಮೆರಿಕದಲ್ಲಿ ಶೇಂಗಾ ಬೇಗ ಕೊಡುವ ಮಾರ್ಗಸೂಚಿಯೂ ಬಂತು.

ಚರ್ಮದ ದಾರಿ, ಹೊಟ್ಟೆಯ ದಾರಿ

ಬೇಗ ತಿಂದರೆ ಅಲರ್ಜಿ ಏಕೆ ಕಡಿಮೆಯಾಗುತ್ತದೆ? ವಿಜ್ಞಾನಿಗಳು ಕೊಡುವ ವಿವರಣೆ ಸರಳವಾಗಿದೆ. ಆಹಾರದ ಪ್ರೋಟೀನು ಮಗುವಿನ ದೇಹಕ್ಕೆ ಎರಡು ದಾರಿಯಲ್ಲಿ ಪರಿಚಯವಾಗಬಹುದು. ಬಾಯಿಯ ಮೂಲಕ ಹೊಟ್ಟೆಗೆ ಹೋದರೆ ಕರುಳಿನ ರೋಗನಿರೋಧಕ ವ್ಯವಸ್ಥೆ "ಇದು ಊಟ, ಇದರಿಂದ ತೊಂದರೆಯಿಲ್ಲ" ಎಂದು ಕಲಿಯುತ್ತದೆ. ಅದೇ ಪ್ರೋಟೀನು ಒಡೆದ, ಒಣಗಿದ, ಉರಿಯೂತವಿರುವ ಚರ್ಮದ ಮೂಲಕ ಒಳಗೆ ಹೋದರೆ ದೇಹ ಅದನ್ನು ಅಪಾಯವೆಂದು ಗುರುತಿಸುತ್ತದೆ.

ಶೇಂಗಾ ತಿನ್ನುವ ಮನೆಯಲ್ಲಿ ಅದರ ಕಣಗಳು ಕೈಯಲ್ಲಿ, ಹಾಸಿಗೆಯಲ್ಲಿ, ಧೂಳಿನಲ್ಲಿ ಇದ್ದೇ ಇರುತ್ತವೆ. ಎಕ್ಸಿಮಾ ಅಂದರೆ ಇಸಬು ಇರುವ ಮಗುವಿನ ಚರ್ಮಕ್ಕೆ ಅವು ತಾಗುತ್ತಲೇ ಇರುತ್ತವೆ. ನಾವು ಮಗುವಿನ ಬಾಯಿಗೆ ಶೇಂಗಾ ಕೊಡದೆ ಕಾಯುತ್ತಾ ಕುಳಿತರೆ, ಚರ್ಮದ ದಾರಿಯ ಪರಿಚಯವೇ ಮೊದಲಾಗುತ್ತದೆ.

ಆದ್ದರಿಂದ ಇಸಬಿಗೆ ಚಿಕಿತ್ಸೆಯೂ ಮುಖ್ಯ. ಡಾಕ್ಟರು ಬರೆದ ಮುಲಾಮನ್ನು ಹೇಳಿದಷ್ಟು ದಿನ ಹಚ್ಚಿ, ಚರ್ಮ ಒಣಗದಂತೆ ನೋಡಿಕೊಳ್ಳಿ. ಮಗುವಿಗೆ ಎಣ್ಣೆ ಸ್ನಾನ ಮಾಡಿಸಿ ಕಡಲೆಹಿಟ್ಟು ಅಥವಾ ಹೆಸರುಹಿಟ್ಟು ಉಜ್ಜುವ ರೂಢಿ ನಮ್ಮಲ್ಲಿದೆ. ಚರ್ಮ ಕೆಂಪಾಗಿ ಬಿರಿದಿರುವ ಮಗುವಿಗೆ ಹಿಟ್ಟು ಉಜ್ಜಬೇಡಿ, ಶೇಂಗಾ ಎಣ್ಣೆ, ಬಾದಾಮಿ ಎಣ್ಣೆ ಹಚ್ಚಬೇಡಿ. ಶೇಂಗಾ ಚಟ್ನಿ ಕಲಸಿದ ಕೈಯನ್ನು ಸೋಪಿನಿಂದ ತೊಳೆದು ಮಗುವನ್ನು ಎತ್ತಿಕೊಳ್ಳಿ.

ನಿಮ್ಮ ಮಗು ಯಾವ ಗುಂಪಿಗೆ ಸೇರುತ್ತದೆ?

ಎಲ್ಲ ಮಕ್ಕಳಿಗೂ ಅಲರ್ಜಿಯ ಅಪಾಯ ಒಂದೇ ಸಮ ಇರುವುದಿಲ್ಲ. ಮೊದಲು ಇದನ್ನು ನೋಡಿಕೊಳ್ಳಿ.

ಇಸಬು ಇಲ್ಲದ, ಇದುವರೆಗೆ ಯಾವ ಆಹಾರಕ್ಕೂ ಅಲರ್ಜಿ ಆಗದ ಮಗು: ಆರು ತಿಂಗಳು ತುಂಬಿದ ಮೇಲೆ ಸರಿ, ಗಂಜಿ, ಬೇಳೆಕಟ್ಟು ರೂಢಿಯಾಗುತ್ತಿದ್ದಂತೆ ಮನೆಯವರು ತಿನ್ನುವ ಆಹಾರಗಳನ್ನು ಒಂದೊಂದಾಗಿ ಕೊಡಿ. ಪರೀಕ್ಷೆ ಬೇಕಿಲ್ಲ.

ಅಲ್ಪಸ್ವಲ್ಪ ಇಸಬು ಇರುವ ಮಗು: ಆರು ತಿಂಗಳ ಹೊತ್ತಿಗೇ ಶುರು ಮಾಡಿ, ತಡ ಮಾಡಬೇಡಿ. ಚರ್ಮದ ಚಿಕಿತ್ಸೆ ಜೊತೆಯಲ್ಲೇ ನಡೆಯಲಿ.

ತೀವ್ರ ಇಸಬು ಇರುವ ಮಗು, ಅಂದರೆ ಮೇಲಿಂದ ಮೇಲೆ ಸ್ಟಿರಾಯ್ಡ್ ಮುಲಾಮು ಬೇಕಾಗುವಂಥದು, ಅಥವಾ ಆಗಲೇ ಮೊಟ್ಟೆಗೋ ಬೇರೆ ಆಹಾರಕ್ಕೋ ಅಲರ್ಜಿ ಆಗಿರುವ ಮಗು: ಬೇಗ ಕೊಡುವುದರಿಂದ ಹೆಚ್ಚು ಲಾಭವಾಗುವುದು ಈ ಮಕ್ಕಳಿಗೇ. ಮೊದಲ ತುತ್ತಿಗೇ ಪ್ರತಿಕ್ರಿಯೆ ಆಗುವ ಸಾಧ್ಯತೆ ಹೆಚ್ಚಿರುವುದೂ ಇವರಲ್ಲೇ. ಹಾಗಾಗಿ ಮನೆಯಲ್ಲಿ ನೀವಾಗಿಯೇ ಪ್ರಯತ್ನಿಸಬೇಡಿ. ನಾಲ್ಕನೇ ತಿಂಗಳಲ್ಲೇ ಮಕ್ಕಳ ವೈದ್ಯರನ್ನು ಅಥವಾ ಅಲರ್ಜಿ ತಜ್ಞರನ್ನು ಕಂಡು, ಪರೀಕ್ಷೆ ಬೇಕೇ, ಮೊದಲ ತುತ್ತು ಆಸ್ಪತ್ರೆಯಲ್ಲಿ ಕೊಡಬೇಕೇ ಎಂದು ಕೇಳಿ. ಅಮೆರಿಕದ ಮಾರ್ಗಸೂಚಿ ಈ ಮಕ್ಕಳಿಗೆ 4ರಿಂದ 6 ತಿಂಗಳ ನಡುವೆ ಶೇಂಗಾ ಕೊಡಲು ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ನಮ್ಮ ದೇಶದ ಸಲಹೆ ಆರು ತಿಂಗಳವರೆಗೆ ಎದೆಹಾಲು ಮಾತ್ರ ಎನ್ನುತ್ತದೆ. ಆರು ತಿಂಗಳಿಗೆ ಮೊದಲು ಏನಾದರೂ ಕೊಡುವುದಿದ್ದರೆ ಅದು ವೈದ್ಯರೇ ತೀರ್ಮಾನಿಸಬೇಕಾದ ವಿಷಯ.

ಮೊದಲ ಸಲ ಕೊಡುವುದು ಹೇಗೆ?

ಮಗು ಆಧಾರದಿಂದ ಕುಳಿತುಕೊಳ್ಳುತ್ತಿರಬೇಕು, ಕುತ್ತಿಗೆ ನಿಂತಿರಬೇಕು, ಬೇರೆ ಒಂದೆರಡು ಮೆತ್ತನೆಯ ಆಹಾರ ತಿಂದು ರೂಢಿಯಾಗಿರಬೇಕು.

ಜ್ವರ, ನೆಗಡಿ, ಭೇದಿ ಇಲ್ಲದ ದಿನ ಆರಿಸಿಕೊಳ್ಳಿ. ಬೆಳಿಗ್ಗೆ ಅಥವಾ ಮಧ್ಯಾಹ್ನ ಕೊಡಿ, ಮಲಗುವ ಹೊತ್ತಿನಲ್ಲಿ ಬೇಡ. ಪ್ರಯಾಣದ ದಿನ, ಸಮಾರಂಭದ ದಿನವೂ ಬೇಡ. ಅನ್ನಪ್ರಾಶನದ ಗಲಾಟೆಯಲ್ಲಿ ಹತ್ತು ಜನ ಹತ್ತು ಬಗೆ ಬಾಯಿಗಿಟ್ಟರೆ, ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಒಂದು ದಿನಕ್ಕೆ ಒಂದೇ ಹೊಸ ಆಹಾರ. ಚಮಚದ ತುದಿಯಷ್ಟು ಕೊಟ್ಟು ಹತ್ತು ನಿಮಿಷ ನೋಡಿ. ಏನೂ ಆಗದಿದ್ದರೆ ಉಳಿದದ್ದನ್ನು ಮಗು ತಿನ್ನುವ ವೇಗದಲ್ಲೇ ಕೊಡಿ. ಆಮೇಲೆ ಎರಡು ಗಂಟೆ ಮಗುವಿನ ಮೇಲೆ ಕಣ್ಣಿಟ್ಟಿರಿ. ಕೆನ್ನೆಗೋ ಕೈಗೋ ಹಚ್ಚಿ "ಪರೀಕ್ಷೆ" ಮಾಡಬೇಡಿ. ಅದು ಪರೀಕ್ಷೆಯೂ ಅಲ್ಲ, ಮೇಲೆ ಹೇಳಿದ ಕಾರಣಕ್ಕೆ ಒಳ್ಳೆಯದೂ ಅಲ್ಲ.

ಒಗ್ಗಿದ ಆಹಾರವನ್ನು ನಿಲ್ಲಿಸಬೇಡಿ. ಒಮ್ಮೆ ರುಚಿ ತೋರಿಸಿ ಮೂರು ತಿಂಗಳು ಬಿಡುವುದರಿಂದ ಪ್ರಯೋಜನವಿಲ್ಲ. ಅಧ್ಯಯನಗಳಲ್ಲಿ ರಕ್ಷಣೆ ಸಿಕ್ಕಿದ್ದು ವಾರ ವಾರವೂ ತಿಂದ ಮಕ್ಕಳಿಗೆ. ಬ್ರಿಟನ್ನಿನಲ್ಲಿ 1,303 ಮಕ್ಕಳ ಮೇಲೆ ನಡೆದ ಈಟ್ ಅಧ್ಯಯನದಲ್ಲಿ ಆರು ಬಗೆಯ ಆಹಾರವನ್ನು ಬೇಗ ಆರಂಭಿಸಿದರು. ಎಲ್ಲರನ್ನೂ ಸೇರಿಸಿ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೇಳಿದ ಪ್ರಮಾಣವನ್ನು ತಪ್ಪದೆ ತಿಂದ ಮಕ್ಕಳಲ್ಲಿ ಮಾತ್ರ ಶೇಂಗಾ ಮತ್ತು ಮೊಟ್ಟೆಯ ಅಲರ್ಜಿ ಸ್ಪಷ್ಟವಾಗಿ ಕಡಿಮೆ ಇತ್ತು. ಅರ್ಧಕ್ಕಿಂತ ಹೆಚ್ಚು ಮನೆಯವರಿಗೆ ಅದನ್ನು ಪಾಲಿಸಲು ಆಗಿರಲಿಲ್ಲ. ಆದ್ದರಿಂದ ಹತ್ತು ಆಹಾರಗಳ ಪಟ್ಟಿ ಹಿಡಿದು ಸುಸ್ತಾಗಬೇಡಿ. ನಿಮ್ಮ ಮನೆಯಲ್ಲಿ ದಿನಾ ಬಳಸುವುದರಿಂದ ಶುರು ಮಾಡಿ.

ನಮ್ಮ ಅಡುಗೆಮನೆಯಲ್ಲಿ

ಇದಕ್ಕಾಗಿ ಬೆಲೆಬಾಳುವ ಪುಡಿ, ಡಬ್ಬಿ ಏನೂ ಕೊಳ್ಳಬೇಕಿಲ್ಲ.

ಶೇಂಗಾ: ಬೂಸಲು ಹಿಡಿದ, ಮುದುಡಿದ, ಬಣ್ಣಗೆಟ್ಟ ಕಾಳುಗಳನ್ನು ಆರಿಸಿ ಬಿಸಾಡಿ. ಉಳಿದದ್ದನ್ನು ಹುರಿದು ಸಿಪ್ಪೆ ತೆಗೆದು ನುಣ್ಣಗೆ ಪುಡಿ ಮಾಡಿ. ಈ ಪುಡಿಯನ್ನು ರಾಗಿ ಸರಿ, ಮೊಸರು ಅಥವಾ ಹಿಸುಕಿದ ಬಾಳೆಹಣ್ಣಿನಲ್ಲಿ ಗಂಟಿಲ್ಲದಂತೆ ಕಲಸಿ. ಲೀಪ್ ಅಧ್ಯಯನದಲ್ಲಿ ವಾರಕ್ಕೆ ಕನಿಷ್ಠ 6 ಗ್ರಾಂ ಶೇಂಗಾ ಪ್ರೋಟೀನು ಕೊಟ್ಟಿದ್ದರು. ಮನೆಯ ಲೆಕ್ಕದಲ್ಲಿ ಸುಮಾರು ಎರಡೂವರೆ ಟೀ ಚಮಚ ಪುಡಿ, ವಾರಕ್ಕೆ ಮೂರು ಸಲ. ಈ ಪ್ರಮಾಣಕ್ಕೆ ಕೆಲವು ದಿನಗಳಲ್ಲಿ ನಿಧಾನವಾಗಿ ಬನ್ನಿ. ಖಾರ ಉಪ್ಪು ಹಾಕಿದ ಶೇಂಗಾ ಹಿಂಡಿ, ಚಟ್ನಿಪುಡಿ ಮಗುವಿಗಲ್ಲ.

ಮೊಟ್ಟೆ: ಹಳದಿ, ಬಿಳಿ ಎರಡೂ ಗಟ್ಟಿಯಾಗುವವರೆಗೆ ಬೇಯಿಸಿ ಹಿಸುಕಿ ಕೊಡಿ. ಹಸಿ ಮೊಟ್ಟೆ, ಅರೆಬೆಂದ ಮೊಟ್ಟೆ ಬೇಡ. ಹಳದಿ ಮಾತ್ರ ಕೊಟ್ಟು ಬಿಳಿಯನ್ನು ತಿಂಗಳುಗಟ್ಟಲೆ ಮುಂದೂಡುವ ಅಗತ್ಯವಿಲ್ಲ.

ಹಾಲು: ಆರು ತಿಂಗಳ ಮೇಲೆ ಮೊಸರು, ಪನೀರ್ ಕೊಡಬಹುದು. ಸರಿಗೆ ಸ್ವಲ್ಪ ಹಾಲು ಬೆರೆಸಬಹುದು. ಆದರೆ ಎದೆಹಾಲಿನ ಬದಲಿಗೆ ಹಸುವಿನ ಹಾಲನ್ನು ಕುಡಿಸುವುದು ಒಂದು ವರ್ಷ ತುಂಬಿದ ಮೇಲೆಯೇ.

ಗೋಧಿ: ರವೆ ಗಂಜಿ, ಗೋಧಿ ನುಚ್ಚಿನ ಗಂಜಿ, ಬೇಳೆಯಲ್ಲಿ ನೆನೆಸಿ ಕಿವುಚಿದ ಚಪಾತಿ.

ಎಳ್ಳು: ಹುರಿದು ನುಣ್ಣಗೆ ಪುಡಿ ಮಾಡಿ ಅನ್ನ ಅಥವಾ ಸರಿಯಲ್ಲಿ ಬೆರೆಸಿ.

ಗೋಡಂಬಿ, ಬಾದಾಮಿ: ಒಂದೊಂದನ್ನೂ ಬೇರೆ ಬೇರೆ ದಿನ, ಪುಡಿ ಅಥವಾ ಅರೆದ ರೂಪದಲ್ಲಿ.

ಮೀನು: ಮುಳ್ಳು ಪೂರ್ತಿ ತೆಗೆದು, ಚೆನ್ನಾಗಿ ಬೇಯಿಸಿ, ಅನ್ನದಲ್ಲಿ ಹಿಸುಕಿ.

ಎರಡು ಎಚ್ಚರಿಕೆ. ಇಡೀ ಶೇಂಗಾ, ಗೋಡಂಬಿ, ತುಂಡು ಬಾದಾಮಿಯನ್ನು ಐದು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬೇಡಿ. ಅವು ಶ್ವಾಸನಾಳದಲ್ಲಿ ಸಿಕ್ಕಿಕೊಂಡು ಉಸಿರು ಕಟ್ಟಬಹುದು. ಹಾಗೆಯೇ ಬಾದಾಮಿ, ಗೋಡಂಬಿ, ಪಿಸ್ತಾ, ಶೇಂಗಾ ಎಲ್ಲ ಸೇರಿಸಿದ ಸರಿಹಿಟ್ಟನ್ನು, ಮಾರುಕಟ್ಟೆಯ ಮಿಶ್ರ ಪುಡಿಗಳನ್ನು ಮೊದಲ ದಿನವೇ ಶುರು ಮಾಡಬೇಡಿ. ಒಂದೊಂದು ಬೀಜವೂ ಒಗ್ಗಿದ ಮೇಲೆ ಮಿಶ್ರಣ ಬಳಸಿ. ಸಕ್ಕರೆ, ಬೆಲ್ಲ, ಉಪ್ಪು ಬೇಡ. ಜೇನುತುಪ್ಪ ಒಂದು ವರ್ಷದೊಳಗೆ ಬೇಡವೇ ಬೇಡ. ಅದರ ಕಾರಣ ಅಲರ್ಜಿಯಲ್ಲ, ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ.

ಪ್ರತಿಕ್ರಿಯೆ ಆದರೆ ಏನು ಮಾಡಬೇಕು?

ನಾಲ್ಕಾರು ದದ್ದು, ತುಟಿಯ ಬಳಿ ಸ್ವಲ್ಪ ಊತ ಕಾಣಿಸಿದರೆ ಆ ಆಹಾರವನ್ನು ಅಲ್ಲಿಗೇ ನಿಲ್ಲಿಸಿ, ವೈದ್ಯರಿಗೆ ಫೋನ್ ಮಾಡಿ. ಫೋಟೊ ತೆಗೆದಿಟ್ಟುಕೊಳ್ಳಿ. ಏನು ತಿಂದಿತು, ಎಷ್ಟು ತಿಂದಿತು, ಎಷ್ಟು ನಿಮಿಷಕ್ಕೆ ಆಯಿತು ಎಂದು ಬರೆದಿಡಿ. ವೈದ್ಯರು ಹೇಳುವವರೆಗೆ ಆ ಆಹಾರವನ್ನು ಮತ್ತೆ ಕೊಡಬೇಡಿ.

ಈ ಲಕ್ಷಣಗಳಲ್ಲಿ ಯಾವುದಾದರೂ ಕಂಡರೆ ತುರ್ತು ಎಂದು ತಿಳಿಯಿರಿ: ಉಸಿರಾಡಲು ಕಷ್ಟ, ಉಬ್ಬಸದ ಶಬ್ದ, ನಿಲ್ಲದ ಕೆಮ್ಮು, ನಾಲಿಗೆಯ ಊತ, ಧ್ವನಿ ಒಡೆಯುವುದು, ಮಗು ಬಿಳಿಚಿಕೊಂಡು ಕೈಕಾಲು ಬಿಟ್ಟುಬಿಡುವುದು, ಇದ್ದಕ್ಕಿದ್ದಂತೆ ಮಂಕಾಗುವುದು, ದದ್ದಿನ ಜೊತೆಗೆ ಪದೇ ಪದೇ ವಾಂತಿ. ಮಗುವನ್ನು ಎತ್ತಿ ನಿಲ್ಲಿಸಿಕೊಳ್ಳದೆ ಮಲಗಿಸಿಕೊಂಡೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಒಯ್ಯಿರಿ, ಅಥವಾ 112ಕ್ಕೆ ಕರೆ ಮಾಡಿ. "ತಿಂದ ಮೇಲೆ ಹೀಗಾಯಿತು, ಅನಾಫಿಲಾಕ್ಸಿಸ್ ಇರಬಹುದು" ಎಂದು ಬಾಗಿಲಲ್ಲೇ ಹೇಳಿ. ಇದಕ್ಕೆ ಮೊದಲ ಔಷಧ ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಅಲರ್ಜಿ ಸಿರಪ್ ಕುಡಿಸಿ ಮನೆಯಲ್ಲಿ ಕಾದು ಕೂರಬೇಡಿ. ಸುಧಾರಿಸಿದ ಮೇಲೂ ಕೆಲವು ಗಂಟೆಗಳಲ್ಲಿ ಲಕ್ಷಣ ಮರುಕಳಿಸಬಹುದು, ಆದ್ದರಿಂದ ವೈದ್ಯರು ಇರಿ ಎಂದಷ್ಟು ಹೊತ್ತು ಆಸ್ಪತ್ರೆಯಲ್ಲೇ ಇರಿ.

ತಿಂದು ಒಂದರಿಂದ ನಾಲ್ಕು ಗಂಟೆಯ ಮೇಲೆ ದದ್ದಿಲ್ಲದೆ ಬರೀ ವಾಂತಿ ಮೇಲಿಂದ ಮೇಲೆ ಆಗಿ ಮಗು ನಿತ್ರಾಣವಾದರೂ ಆಸ್ಪತ್ರೆಗೆ ಹೋಗಿ. ಇದು ಇನ್ನೊಂದು ಬಗೆಯ ಆಹಾರದ ಅಲರ್ಜಿಯಾಗಿರಬಹುದು.

ಮೊದಲೇ ರಕ್ತ ಪರೀಕ್ಷೆ ಮಾಡಿಸಿಬಿಡಬಹುದಲ್ಲ?

ನೂರು ಆಹಾರಗಳ ಅಲರ್ಜಿ ಪರೀಕ್ಷೆ ಎಂಬ ಜಾಹೀರಾತು ನೋಡಿ ಮಾಡಿಸಬೇಡಿ. ಪರೀಕ್ಷೆಯಲ್ಲಿ ಪಾಸಿಟಿವ್ ಬಂದ ಮಾತ್ರಕ್ಕೆ ಅಲರ್ಜಿ ಇದೆ ಎಂದಲ್ಲ. ಬೆಂಗಳೂರು ಮತ್ತು ಮೈಸೂರಿನ ವಯಸ್ಕರಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೇ ಇದಕ್ಕೆ ಸಾಕ್ಷಿ. ಶೇ. 26.5 ಜನರ ರಕ್ತದಲ್ಲಿ ಯಾವುದೋ ಒಂದು ಆಹಾರದ ವಿರುದ್ಧ ಐಜಿಇ ಇತ್ತು. ಆದರೆ ಆಹಾರದ ಅಲರ್ಜಿ ಇರಬಹುದಾದವರು ಶೇ. 1.2 ಮಾತ್ರ. ವರದಿಯೊಂದನ್ನೇ ನಂಬಿ ಮಗುವಿಗೆ ಹಾಲು, ಗೋಧಿ, ಮೊಟ್ಟೆ ಎಲ್ಲ ನಿಲ್ಲಿಸಿದರೆ ಪೋಷಣೆ ಕುಗ್ಗುತ್ತದೆ. ತಡಮಾಡಿದ್ದರಿಂದಲೇ ಅಲರ್ಜಿಯ ಅಪಾಯವೂ ಹೆಚ್ಚಬಹುದು.

ಹೆತ್ತವರು ಕೇಳುವ ಕೆಲವು ಪ್ರಶ್ನೆಗಳು

ಬಸುರಿಯಲ್ಲಿ, ಬಾಣಂತನದಲ್ಲಿ ನಾನು ಶೇಂಗಾ, ಮೊಟ್ಟೆ ಬಿಟ್ಟರೆ ಮಗುವಿಗೆ ಅಲರ್ಜಿ ತಪ್ಪುತ್ತದೆಯೇ?
ಇಲ್ಲ. ತಾಯಿ ಪಥ್ಯ ಮಾಡುವುದರಿಂದ ಮಗುವಿನ ಅಲರ್ಜಿ ತಪ್ಪುತ್ತದೆ ಎಂಬುದಕ್ಕೆ ಆಧಾರವಿಲ್ಲ. ನಿಮಗೆ ಒಗ್ಗುವುದನ್ನೆಲ್ಲ ಹೊಟ್ಟೆ ತುಂಬ ಊಟ ಮಾಡಿ.

ನಾವು ಸಸ್ಯಾಹಾರಿಗಳು. ಮೊಟ್ಟೆ ಕೊಡಲೇಬೇಕೇ?
ಬೇಕಿಲ್ಲ. ಮನೆಯಲ್ಲಿ ತಿನ್ನದ ಆಹಾರವನ್ನು ಅಲರ್ಜಿಯ ಭಯಕ್ಕೆ ತರಬೇಕಾಗಿಲ್ಲ. ಶೇಂಗಾ, ಎಳ್ಳು, ಮೊಸರು, ಗೋಧಿ, ಗೋಡಂಬಿ ನಿಮ್ಮ ಮನೆಯಲ್ಲಿ ಇದ್ದೇ ಇವೆ, ಅವನ್ನು ಕೊಡಿ.

ದೊಡ್ಡ ಮಗುವಿಗೆ ಶೇಂಗಾ ಅಲರ್ಜಿ ಇದೆ. ಚಿಕ್ಕದಕ್ಕೆ ತಡವಾಗಿ ಕೊಡಲೇ?
ತಡಮಾಡುವುದರಿಂದ ರಕ್ಷಣೆ ಸಿಗುವುದಿಲ್ಲ. ಆದರೆ ದೊಡ್ಡ ಮಗುವಿನ ಸುರಕ್ಷತೆಯನ್ನೂ ನೋಡಬೇಕಾದ್ದರಿಂದ ವೈದ್ಯರ ಜೊತೆ ಮಾತಾಡಿ ಕ್ರಮ ಗೊತ್ತುಮಾಡಿಕೊಳ್ಳಿ.

ಮಗುವಿಗೆ ಈಗಾಗಲೇ ಹತ್ತು ತಿಂಗಳು. ತಡವಾಯಿತೇ?
ಇಲ್ಲ. ವರ್ಷ ತುಂಬುವುದರೊಳಗೆ ಎಂಬುದು ಗುರಿ. ಲೀಪ್ ಅಧ್ಯಯನಕ್ಕೆ ಸೇರಿದ ಮಕ್ಕಳಲ್ಲಿ ಹನ್ನೊಂದು ತಿಂಗಳ ಹತ್ತಿರದವರೂ ಇದ್ದರು. ಈ ವಾರವೇ ಶುರು ಮಾಡಿ.

ಹೀಗೆ ಮಾಡಿದರೆ ಅಲರ್ಜಿ ಬರುವುದೇ ಇಲ್ಲವೇ?
ಹಾಗೆ ಭರವಸೆ ಕೊಡಲಾಗದು. ಶೇಂಗಾ ತಿಂದ ಗುಂಪಿನಲ್ಲೂ ಕೆಲವು ಮಕ್ಕಳಿಗೆ ಅಲರ್ಜಿ ಬಂತು. ಎಲ್ಲವನ್ನೂ ಸರಿಯಾಗಿ ಮಾಡಿಯೂ ನಿಮ್ಮ ಮಗುವಿಗೆ ಅಲರ್ಜಿಯಾದರೆ ಅದು ನಿಮ್ಮ ತಪ್ಪಲ್ಲ. ಹಳೆಯ ಸಲಹೆಯಂತೆ ಮೊದಲ ಮಗುವಿಗೆ ತಡವಾಗಿ ಕೊಟ್ಟಿದ್ದರೆ ಅದೂ ನಿಮ್ಮ ತಪ್ಪಲ್ಲ. ಆಗ ಗೊತ್ತಿದ್ದದ್ದೇ ಅಷ್ಟು.

ಅತ್ತೆಗೆ ಏನು ಹೇಳುವುದು?

"ವರ್ಷ ತುಂಬಲಿ" ಎಂದು ಹಿರಿಯರು ಹೇಳುವುದರ ಹಿಂದೆ ಒಂದು ನಿಜವಾದ ಕಾಳಜಿಯಿದೆ. ಇಡೀ ಶೇಂಗಾ ಬೀಜ ಪುಟ್ಟ ಮಗುವಿನ ಗಂಟಲಿಗೆ ಅಪಾಯವೇ. ಖಾರದ ಚಟ್ನಿ ಮಗುವಿನ ಹೊಟ್ಟೆಗೆ ಆಗದು. ಆದ್ದರಿಂದ ವಾದ ಮಾಡುವ ಬದಲು, ಹುರಿದು ನುಣ್ಣಗೆ ಪುಡಿ ಮಾಡಿ ಸರಿಯಲ್ಲಿ ಕಲಸಿ ಕೊಡುತ್ತಿದ್ದೇವೆ, ಡಾಕ್ಟರು ಹೇಳಿದ್ದಾರೆ ಎಂದು ವಿವರಿಸಿ. ರಾಗಿ ಸರಿ ಹಿಟ್ಟಿನ ಜೊತೆ ಹುರಿದ ಶೇಂಗಾ ಪುಡಿಯನ್ನೂ ಬೇರೆ ಡಬ್ಬಿಯಲ್ಲಿ ಕಳಿಸಿಕೊಡಿ ಎಂದು ಕೇಳಿದರೆ ಅವರೂ ಇದರಲ್ಲಿ ಭಾಗಿಯಾಗುತ್ತಾರೆ.

ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ಮಗುವಿಗೆ ತೀವ್ರ ಇಸಬು, ಉಬ್ಬಸ ಅಥವಾ ಈ ಮೊದಲು ಯಾವುದೇ ಆಹಾರದಿಂದ ಪ್ರತಿಕ್ರಿಯೆ ಆಗಿದ್ದರೆ, ಹೊಸದನ್ನು ಕೊಡುವ ಮುನ್ನ ಮಕ್ಕಳ ವೈದ್ಯರನ್ನು ಕಾಣಿ.